ಹಳೇ ಲ್ಯಾಂಪಿಗೆ ಬೆಲೆ ಕಟ್ಟುವ ಮೊದಲು ಅದರ ಕತ್ತು ನೋಡಿ

ಮುಂಬಯಿಯ ಹಳೇ ಸಾಮಾನಿನ ಪೇಟೆ ಚೋರ್ ಬಜಾರಿನಲ್ಲಿ ಕೊಂಡ ಗಾಜಿನ ಸೀಮೆಎಣ್ಣೆ ಲ್ಯಾಂಪ್ ಹಿಡಿದು ಮಾಟುಂಗಾ, ಮುಲುಂಡ್ ಕಡೆಯ ನಮ್ಮವರು ಆಗಾಗ ನನ್ನ ಹತ್ತಿರ ಬರುತ್ತಾರೆ. "ನೂರೈವತ್ತು ವರ್ಷದ್ದಂತೆ ಮಾರಾಯ್ರೇ, ಎಷ್ಟು ಬೆಲೆ ಬಾಳಬಹುದು?"

ಎಲ್ಲರೂ ಬಣ್ಣದ ಗಾಜನ್ನೇ ತೋರಿಸುತ್ತಾರೆ. ನಾನು ನೋಡುವುದು ಕತ್ತನ್ನು. ಎಣ್ಣೆ ಬುಡ್ಡಿಗೂ ಬತ್ತಿ ಕೂರುವ ಬರ್ನರಿಗೂ ನಡುವೆ ಹಿತ್ತಾಳೆ ಬಳೆ ಇರುತ್ತದೆ ಅಲ್ವಾ, ಹಳೇ ಲ್ಯಾಂಪುಗಳಲ್ಲಿ ಅದನ್ನು ಹೆಚ್ಚಾಗಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಹಾಕಿ ಕೂರಿಸುತ್ತಿದ್ದರು. ವರ್ಷಗಟ್ಟಲೆ ಎಣ್ಣೆ ಕುಡಿದ ಪ್ಲಾಸ್ಟರ್ ಕಂದಾಗಿ, ಅಂಚಿನಲ್ಲಿ ಪುಡಿ ಉದುರುತ್ತದೆ. ಬಳೆ ಸ್ವಲ್ಪ ಅಲ್ಲಾಡಿದರೆ ನನಗೇನೂ ಬೇಸರವಿಲ್ಲ. ಬೆಳ್ಳಗಿನ ಹೊಸ ಪ್ಲಾಸ್ಟರೋ ಫೆವಿಕ್ವಿಕ್ಕೋ ಕಂಡರೆ ಮಾತ್ರ ಅನುಮಾನ. ಒಂದರ ಬುಡ್ಡಿ, ಇನ್ನೊಂದರ ಬರ್ನರ್ ಸೇರಿಸಿ ಮಾರುವುದು ಬಜಾರಿನಲ್ಲಿ ಮಾಮೂಲು.

ಬತ್ತಿ ಏರಿಸುವ ಗುಂಡಿಯ ಮೇಲೆ ಎಷ್ಟೋ ಸಲ ತಯಾರಕರ ಹೆಸರಿರುತ್ತದೆ: ಬರ್ಮಿಂಗ್‌ಹ್ಯಾಮಿನ ಹಿಂಕ್ಸ್, ವಿಯೆನ್ನಾದ ಡಿಟ್ಮಾರ್. ಹಿಂಕ್ಸರ ಡ್ಯೂಪ್ಲೆಕ್ಸ್ ಬರ್ನರಿನಲ್ಲಿ ಎರಡು ಚಪ್ಪಟೆ ಬತ್ತಿ, ಪೇಟೆಂಟ್ 1865ರದ್ದು. 'ಮೇಡ್ ಇನ್ ಜರ್ಮನಿ' ಎಂದಿದ್ದರೆ ಸಾಮಾನ್ಯವಾಗಿ 1887ರ ಈಚಿನದು. ಹೊರದೇಶದ ಸರಕಿನ ಮೇಲೆ ತಯಾರಾದ ದೇಶದ ಗುರುತು ಬೇಕೆಂದು ಬ್ರಿಟಿಷ್ ಕಾಯ್ದೆ ಬಂದದ್ದು ಆ ವರ್ಷ. ಇದೆಲ್ಲ ಬರ್ನರಿನ ವಯಸ್ಸು ಮಾತ್ರ, ಗಾಜಿನದ್ದಲ್ಲ.

ಗಾಜಿಗೆ ಬಂದರೆ, ತಳ ನೋಡಿ. ಮೇಜಿನ ಮೇಲೆ ಎಳೆದಾಡಿ ಆದ ಗೀರುಗಳು ಅಡ್ಡಾದಿಡ್ಡಿ ಇರುತ್ತವೆ. ಒಂದೇ ದಿಕ್ಕಿಗೆ ಸಾಲಾಗಿದ್ದರೆ ಮರಳು ಕಾಗದದ ಕೆಲಸ. ಕೆಂಪು ಗಾಜಿನ ಬಾಯಂಚನ್ನು ಉಗುರಿನಿಂದ ಕೆರೆದು ನೋಡಿ, ಮೇಲೆ ಬಳಿದ ಬಣ್ಣವಾದರೆ ಏಳುತ್ತದೆ. ಯುವಿ ಟಾರ್ಚಿಗೆ ಹಸಿರಾಗಿ ಮಿನುಗಿತು ಎಂದು ಕುಣಿಯಬೇಡಿ. ಹಾಗೆ ಮಿನುಗುವ ಯುರೇನಿಯಂ ಗಾಜು ಈಗಲೂ ತಯಾರಾಗುತ್ತದೆ.

ಚಿಮಣಿಗೆ, ಅಂದರೆ ಜ್ವಾಲೆಯ ಸುತ್ತಲಿನ ಗಾಜಿನ ಕೊಳವೆಗೆ, ಕಾಸು ಕಟ್ಟಲೇಬೇಡಿ. ಅದು ಒಡೆಯುತ್ತಲೇ ಇರುವ ವಸ್ತು, ಮೂಲದ್ದು ಉಳಿದಿರುವುದು ಅಪರೂಪ. ಬಲ್ಬಿನ ವೈರಿಗೆಂದು ಬುಡ್ಡಿಗೆ ತೂತು ಕೊರೆದಿದ್ದರೆ ನಾನು ಅರ್ಧ ಬೆಲೆಯನ್ನೂ ಹೇಳುವುದಿಲ್ಲ, ಎಷ್ಟೇ ಚೆಂದವಿರಲಿ. ಕಪ್ಪಾದ ಹಿತ್ತಾಳೆಯನ್ನು ಸುಮ್ನೆ ಹುಣಸೆಹಣ್ಣು ಹಾಕಿ ಉಜ್ಜಿ ತರಬೇಡಿ. ಆ ಕಪ್ಪಿಗೂ ಬೆಲೆಯಿದೆ.

ವಿದೇಶದಲ್ಲಿರುವ ಮಗನಿಗೆ ಕಳಿಸುವ ಯೋಚನೆ ಇದ್ದರೆ ತಡೆಯಿರಿ. ನೂರು ವರ್ಷ ದಾಟಿದ ಇಂಥ ವಸ್ತು 1972ರ ಪುರಾತನ ವಸ್ತುಗಳ ಕಾಯ್ದೆಯಡಿ ಬರಬಹುದು, ಬಂದರೆ ಖಾಸಗಿಯವರು ಹೊರಗೆ ಕಳಿಸುವಂತಿಲ್ಲ. ಅಷ್ಟು ಹಳೆಯದಲ್ಲ ಎನಿಸಿದರೂ ಪುರಾತತ್ವ ಇಲಾಖೆಯಿಂದ ಪ್ರಮಾಣಪತ್ರ ಪಡೆದೇ ಪಾರ್ಸೆಲ್ ಕಟ್ಟಿ.