ಹೀರೋ ಹಾರಿದರೂ ಮೈ ಯಾಕೆ ಜುಮ್ಮೆನ್ನುವುದಿಲ್ಲ?

ನಗರ ಹೊತ್ತಿ ಉರಿಯುತ್ತಿದೆ. ಆಕಾಶದಲ್ಲಿ ದೊಡ್ಡ ತೂತು ಬಿದ್ದಿದೆ. ನೆಲಕ್ಕೆ ಬಿದ್ದ ಹೀರೋ ಮತ್ತೆ ಎದ್ದು ಮುಷ್ಟಿ ಬಿಗಿಯುತ್ತಾನೆ. ಮೊದಲೆಲ್ಲ ಈ ಹೊತ್ತಿಗೆ ನಾನು ಸೀಟಿನ ತುದಿಗೆ ಬಂದಿರುತ್ತಿದ್ದೆ. ಈಗ ಟೈಮ್ ಎಷ್ಟಾಯಿತು ಎಂದು ನೋಡಿಕೊಳ್ಳುತ್ತೇನೆ.

ಇದು ನನ್ನೊಬ್ಬನ ಕಥೆಯಲ್ಲ. ಮಾರ್ವೆಲ್ ಸ್ಟುಡಿಯೋದ 2019ರ ಸೂಪರ್‌ಹೀರೋ ಸಿನಿಮಾ ‘ಅವೆಂಜರ್ಸ್: ಎಂಡ್‌ಗೇಮ್’ ಜಗತ್ತಿನಾದ್ಯಂತ ಸುಮಾರು 280 ಕೋಟಿ ಡಾಲರ್ ಗಳಿಸಿತು. ಅದೇ ಮಾರ್ವೆಲ್‌ನ ‘ದ ಮಾರ್ವೆಲ್ಸ್’ಗೆ 2023ರಲ್ಲಿ ಸಿಕ್ಕಿದ್ದು ಸುಮಾರು 20 ಕೋಟಿ.

ಒಂದೇ ಅನುಭವ ಮತ್ತೆ ಮತ್ತೆ ಬಂದರೆ ಸ್ಪಂದನೆ ಯಾಕೆ ತಗ್ಗುತ್ತದೆ? ಸುಳಿವು ಕಡಲಲ್ಲಿ ಸಿಗುತ್ತದೆ. ಅಪ್ಲೀಸಿಯಾ ಎಂಬ ಕಡಲಜೀವಿಯೊಂದಿದೆ, ಬಸವನಹುಳುವಿನ ಬಳಗದ್ದು. ಮೆಲ್ಲಗೆ ಮುಟ್ಟಿದರೆ ಕಿವಿರನ್ನು ಒಳಗೆ ಎಳೆದುಕೊಳ್ಳುತ್ತದೆ. ಮತ್ತೆ ಮತ್ತೆ ಮುಟ್ಟಿದರೆ ಅಷ್ಟಾಗಿ ಎಳೆದುಕೊಳ್ಳುವುದಿಲ್ಲ. ಸ್ಪರ್ಶದ ಸುದ್ದಿ ತರುವ ನರಕೋಶ ಮುಂದಿನ ಕೋಶಕ್ಕೆ ದಾಟಿಸುವ ರಾಸಾಯನಿಕವೇ ಕಡಿಮೆಯಾಗುತ್ತದೆ. ಈ ಜೀವಿಯಲ್ಲಿ ಕಲಿಕೆಯ ಗುಟ್ಟು ಹುಡುಕಿದ ಎರಿಕ್ ಕ್ಯಾಂಡೆಲ್ 2000ದಲ್ಲಿ ನೊಬೆಲ್ ಹಂಚಿಕೊಂಡರು. ನನಗೆ ತುಂಬಾ ಹಿಡಿಸುವುದು ಮುಂದಿನ ಮಾತು: ಅದು ದಣಿದಿರುವುದಿಲ್ಲ. ಬಾಲಕ್ಕೆ ಒಂದು ಶಾಕ್ ಕೊಟ್ಟರೆ ಸಾಕು, ಕಿವಿರು ಮತ್ತೆ ಜೋರಾಗಿ ಒಳಗೆ ಹೋಗುತ್ತದೆ.

ಹಾಗಾದರೆ ಇನ್ನೂ ದೊಡ್ಡ ಸ್ಫೋಟ ತೋರಿಸಿದರೆ ಆಯಿತು, ಅಲ್ವಾ? ಮಿದುಳು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ. ನರವಿಜ್ಞಾನಿ ವುಲ್ಫ್ರಾಮ್ ಶುಲ್ಟ್ಸ್ ಕೋತಿಗಳಿಗೆ ಹಣ್ಣಿನ ರಸ ಕೊಟ್ಟು, ಡೋಪಮೈನ್ ಎಂಬ ರಾಸಾಯನಿಕ ಬಿಡುವ ಮಿದುಳಿನ ನರಕೋಶಗಳನ್ನು ಗಮನಿಸಿದರು. ರಸ ಅನಿರೀಕ್ಷಿತವಾಗಿ ಬಂದರೆ ಅವು ಚುರುಕಾಗುತ್ತಿದ್ದವು. ಮುಂಚೆಯೇ ಒಂದು ಸೂಚನೆ ಕೊಟ್ಟು ಅಭ್ಯಾಸವಾದ ಮೇಲೆ ಸೂಚನೆಗೇ ಚುರುಕಾದವು, ರಸಕ್ಕೆ ಸುಮ್ನೆ ಇದ್ದವು. ರಸದ ರುಚಿ ಬದಲಾಗಿರಲಿಲ್ಲ. ಅದು ಬರುತ್ತದೆಂದು ಮೊದಲೇ ಗೊತ್ತಿತ್ತು, ಅಷ್ಟೇ.

ಸೂಪರ್‌ಹೀರೋ ಸಿನಿಮಾಗಳಿಗೆ ಆಗಿರುವುದೂ ಇದೇ ಎಂದು ನನ್ನ ಅನಿಸಿಕೆ. ಜನಕ್ಕೆ ಹೀರೋಗಳು ಸಾಕಾಗಿದ್ದರೆ 2024ರಲ್ಲಿ ‘ಡೆಡ್‌ಪೂಲ್ ಅಂಡ್ ವೊಲ್ವೆರಿನ್’ 130 ಕೋಟಿ ಡಾಲರ್ ದಾಟುತ್ತಿರಲಿಲ್ಲ. ಪರಿಚಿತ ಮುಖ ನಮಗೆ ಇಷ್ಟವೇ. ಬೇಸರ ತರಿಸುವುದು ಪರಿಚಿತ ಕೊನೆ.

‘ಎಂಡ್‌ಗೇಮ್’ನಲ್ಲಿ ಐರನ್ ಮ್ಯಾನ್ ಆಗಿದ್ದ ಟೋನಿ ಸ್ಟಾರ್ಕ್ ಸತ್ತಾಗ ಎದೆ ಭಾರವಾಗಿತ್ತು. 2008ರಿಂದ ಜೊತೆಗಿದ್ದವನು ಹೀಗೆ ಹೋಗಬಹುದೆಂದು ಮನಸ್ಸು ಒಪ್ಪಿರಲಿಲ್ಲ. ಆಮೇಲೆ ಬೇರೆ ಬೇರೆ ವಿಶ್ವಗಳ ಕಥೆಗಳು ಜಾಸ್ತಿಯಾದವು. ಸತ್ತವರ ಮುಖ ಇನ್ನೊಂದು ವಿಶ್ವದಿಂದ ಮರಳಿ ಬರತೊಡಗಿತು. ಈಗ ತೆರೆಯ ಮೇಲೆ ಯಾರಾದರೂ ಪ್ರಾಣ ಬಿಟ್ಟರೆ, ಕಣ್ಣು ತುಂಬುವ ಮೊದಲೇ ಅವರು ಯಾವ ದಾರಿಯಲ್ಲಿ ವಾಪಸ್ ಬರುತ್ತಾರೆಂದು ಲೆಕ್ಕ ಹಾಕುತ್ತಿರುತ್ತೇನೆ.