ಮಗಳ ಅಮೆರಿಕನ್ ಗೆಳತಿ ಮದರಂಗಿ ಹಾಕಿಸಿಕೊಳ್ಳಬಹುದೇ?

ಪ್ರಶ್ನೆ: ನಾವು ಅಮೆರಿಕದಲ್ಲಿದ್ದೇವೆ. ಮಗಳ ಮದುವೆಗೆ ಅವಳ ಆಫೀಸಿನ ಗೆಳತಿಯರು ಬರುತ್ತಿದ್ದಾರೆ. "ನಾನು ಮೆಹೆಂದಿ ಹಾಕಿಸಿಕೊಂಡರೆ ನಿಮ್ಮ ಸಂಸ್ಕೃತಿಯನ್ನು ಕದ್ದಂತೆ ಆಗುವುದಿಲ್ಲವೇ ಆಂಟಿ?" ಎಂದು ಒಬ್ಬಳು ಕೇಳಿದಳು. ಏನು ಹೇಳಲಿ?

ಉತ್ತರ: ಧಾರಾಳವಾಗಿ ಹಾಕಿಸಿಕೋ ಎನ್ನಿ. ಮದರಂಗಿ ಶಾಸ್ತ್ರಕ್ಕೆ ಬಂದ ಹೆಣ್ಣುಮಕ್ಕಳನ್ನು ಬರಿಗೈಯಲ್ಲಿ ಕಳಿಸುವ ರೂಢಿ ನಮ್ಮಲ್ಲಿಲ್ಲ. ಮನೆಯವರೇ ಕೂರಿಸಿಕೊಂಡು ಹಚ್ಚಿದ್ದು ಕದ್ದದ್ದು ಹೇಗಾದೀತು?

ಆದರೂ ಆ ಹುಡುಗಿಯ ಅಳುಕು ಸುಳ್ಳಲ್ಲ. ಹಬ್ಬದ ಮರುದಿನ ಕೆಂಪು ಕೈಯಲ್ಲಿ ಶಾಲೆಗೆ ಹೋಗಿ "ಏನಾಗಿದೆ ಕೈಗೆ, ಕಾಯಿಲೆಯಾ?" ಎನ್ನಿಸಿಕೊಂಡ ನಮ್ಮ ಮಕ್ಕಳು ಅಲ್ಲಿದ್ದಾರೆ. 1998ರ ಹೊತ್ತಿಗೆ ಪಾಪ್ ಗಾಯಕಿ ಮಡೋನಾ ಕೈಗೆ ಮೆಹೆಂದಿ ಹಾಕಿಕೊಂಡು ಕಾಣಿಸಿಕೊಂಡ ಮೇಲೆ ಅದೇ ಕೆಂಪು ಫ್ಯಾಷನ್ ಆಯಿತು, ಜಾತ್ರೆ ಮಳಿಗೆಗಳಲ್ಲಿ 'ಹೆನ್ನಾ ಟ್ಯಾಟೂ' ಆಯಿತು. ನಮ್ಮ ಹುಡುಗಿಯರಿಗೆ ನೋವಾದದ್ದು ಇದರಿಂದ. ಬೇರೆಯವರು ಹಚ್ಚಿಕೊಂಡರು ಎಂಬ ಹೊಟ್ಟೆಕಿಚ್ಚು ಅದಲ್ಲ.

ಹಾಗೆಂದು ಇದು ನಮ್ಮೊಬ್ಬರ ಸೊತ್ತು ಎಂದೂ ಅವಳಿಗೆ ಹೇಳಬೇಡಿ. 2024ರ ಡಿಸೆಂಬರ್‌ನಲ್ಲಿ ಯುನೆಸ್ಕೋ ಮದರಂಗಿಯ ಆಚರಣೆಗಳನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅರ್ಜಿ ಹಾಕಿದ್ದು ಮೊರಾಕೊ, ಸುಡಾನ್, ಯೆಮೆನ್ ಸೇರಿ 16 ಅರಬ್ ದೇಶಗಳು. ಟರ್ಕಿಯ ಮದುಮಗಳಿಗೂ, ಯೆಮೆನಿನ ಯೆಹೂದಿ ಮದುಮಗಳಿಗೂ ಮದರಂಗಿ ರಾತ್ರಿ ಉಂಟು. ನಮ್ಮಲ್ಲಿ ಈದ್ ಹಿಂದಿನ ರಾತ್ರಿ ಮುಸ್ಲಿಂ ಮನೆಗಳಲ್ಲಿ ನಿದ್ದೆಯೇ ಇರುವುದಿಲ್ಲ. ಗೋರಂಟಿ ಸೊಪ್ಪಿಗೆ ಹುಣಸೆಹಣ್ಣು ಹಾಕಿ ಒರಳಲ್ಲಿ ರುಬ್ಬಿ, ಬೆರಳ ತುದಿಗೆಲ್ಲ ಮೆತ್ತಿ, ಅಂಗೈ ನಡುವೆ ಚಂದ್ರನಂತೆ ಒಂದು ದುಂಡು ಬೊಟ್ಟು ಇಡುವುದು ನಮ್ಮ ಅಜ್ಜಿಯರ ಕ್ರಮ. ಕೋನ್ ಹಿಡಿದು ಬಿಡಿಸುವ ಸಣ್ಣೆಳೆಯ ಬಳ್ಳಿಗಳನ್ನು ನಾವೂ ಉತ್ತರದವರಿಂದ ಕಲಿತೆವು. ಪಾರ್ಲರ್ ಆಲ್ಬಮ್‌ನಲ್ಲಿ 'ಅರೇಬಿಕ್ ಡಿಸೈನ್' ತೋರಿಸಿ ಹಾಕಿಸಿಕೊಳ್ಳುವವರೂ ನಾವೇ. ಆ ಹುಡುಗಿಗೆ ಇದನ್ನೆಲ್ಲ ಹೇಳಿ. ಸಾಧ್ಯವಾದರೆ ಒಂದು ಕೈಗೆ ಅಜ್ಜಿಯ ದುಂಡು ಬೊಟ್ಟನ್ನೇ ಇಡಿ. ಅದನ್ನು ಈಗ ನಮ್ಮ ಮಕ್ಕಳೇ ಮರೆಯುತ್ತಿದ್ದಾರೆ.

ಹೂವು, ಬಳ್ಳಿ, ಮಾವಿನಕಾಯಿ, ನವಿಲು ಯಾರ ಕೈಗಾದರೂ ಸಲ್ಲುತ್ತವೆ. ಓಂಕಾರವನ್ನೋ ದೇವರ ರೂಪವನ್ನೋ ಕಾಲಿಗೆ ಬಿಡಿಸುವುದು ಬೇಡ. ಕುರಾನಿನ ಸಾಲುಗಳನ್ನು ಬರಿಯ ಚಿತ್ತಾರವೆಂದು ತಿಳಿದು ಬರೆಸುವುದೂ ಬೇಡ. ಮೊಣಕೈವರೆಗಿನ ತುಂಬು ಅಲಂಕಾರ ಮದುಮಗಳಿಗಿರಲಿ. ಬಿಡಿಸುವಾಕೆಗೆ ಪೂರ್ತಿ ಹಣ ಕೊಡಿ, ಫೋಟೋ ಹಾಕುವಾಗ ಆಕೆಯ ಹೆಸರೂ ಇರಲಿ.

ಬಣ್ಣದ ವಿಷಯದಲ್ಲಿ ಮಾತ್ರ ದಾಕ್ಷಿಣ್ಯ ಬೇಡ. ನಿಜವಾದ ಮದರಂಗಿ ಮೊದಲು ಕಿತ್ತಳೆ ಬಣ್ಣ ಬಿಟ್ಟು, ಒಂದೆರಡು ದಿನದಲ್ಲಿ ಕಂದುಗೆಂಪಾಗುತ್ತದೆ. ಅದು ಕಪ್ಪಾಗುವುದಿಲ್ಲ. ಹಚ್ಚಿದ ಸ್ವಲ್ಪ ಹೊತ್ತಿಗೇ ಕಪ್ಪಾಯಿತೆಂದರೆ ಅದರಲ್ಲಿ ಕೂದಲ ಬಣ್ಣದ ಪಿಪಿಡಿ ರಾಸಾಯನಿಕ ಬೆರೆತಿರುವ ಸಾಧ್ಯತೆ ಹೆಚ್ಚು. ಅದರಿಂದ ಗುಳ್ಳೆ ಎದ್ದು ಕಲೆ ಉಳಿಯಬಹುದು, ಜೀವನಪೂರ್ತಿ ಹೇರ್ ಡೈ ಅಲರ್ಜಿಯೂ ಅಂಟಿಕೊಳ್ಳಬಹುದು. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮದರಂಗಿಗೆ ಅನುಮತಿ ಕೊಟ್ಟಿರುವುದು ಕೂದಲಿಗೆ ಮಾತ್ರ, ಚರ್ಮಕ್ಕಲ್ಲ. ಹಾಗಾಗಿ ಕೋನ್‌ನಲ್ಲಿ ಏನೇನಿದೆ ಎಂದು ನೀವೇ ಕೇಳಿ ತಿಳಿದುಕೊಳ್ಳಬೇಕು. ಪುಡಿ ತಂದು ಮನೆಯಲ್ಲೇ ಕಲಸಿದರೆ ಇನ್ನೂ ನಿಶ್ಚಿಂತೆ.

ಒಣಗಿದ ಮೇಲೆ ನೀರು ಸೋಕಿಸದೆ ಉದುರಿಸಿ, ಕೊಬ್ಬರಿ ಎಣ್ಣೆ ಸವರಿ ಕಳಿಸಿ. ಸೋಮವಾರ ಆಫೀಸಿನಲ್ಲಿ ಯಾರಾದರೂ ಕೇಳಿದರೆ ಹೇಳಲು 'ಗೋರಂಟಿ' ಎಂಬ ಹೆಸರನ್ನೂ ಬಾಯಿಗೆ ಕಲಿಸಿಡಿ.