ಆರುನೂರು ಅಡಿಯ ಕೆಳಗೆ ಏನಿದೆ?

ಕಳೆದ ಎಪ್ರಿಲ್ ಕೊನೆಯಲ್ಲಿ ಉಡುಪಿ ಜಿಲ್ಲೆಯ ಹಿರಿಯಡಕದ ಹತ್ತಿರದ ಒಂದು ಮನೆಗೆ ನನ್ನನ್ನು ಕರೆಸಿದ್ದರು. ನಾನು ತಲುಪುವ ಹೊತ್ತಿಗೆ ಬೋರ್‌ವೆಲ್ ಲಾರಿ ರಾತ್ರಿಯಿಡೀ ಕೊರೆದು 580 ಅಡಿ ದಾಟಿತ್ತು. ಅಂಗಳದ ಮಲ್ಲಿಗೆ ಗಿಡಗಳ ಮೇಲೆ, ತುಳಸಿಕಟ್ಟೆಯ ಮೇಲೆ, ತೆಗೆಯಲು ಮರೆತ ಬಟ್ಟೆಗಳ ಮೇಲೆ ಒಂದೇ ಸಮನೆ ಬೂದು ಬಣ್ಣದ ಕಲ್ಲಿನ ಹುಡಿ ಕೂತಿತ್ತು. ಒಂದು ಹಿಡಿ ಹುಡಿ ತೆಗೆದು ಅಂಗೈಯಲ್ಲಿ ಒತ್ತಿ ನೋಡಿದೆ. ಅದು ಉಂಡೆ ಕಟ್ಟದೆ ಬೆರಳ ಸಂದಿಯಿಂದ ಗೋಧಿಹಿಟ್ಟಿನ ಹಾಗೆ ಜಾರಿತು. 120 ಅಡಿಯಲ್ಲಿ ತುಸು ಪಸೆ ಕಂಡದ್ದು ಬಿಟ್ಟರೆ ಅಲ್ಲಿಂದ ಕೆಳಗೆ ಬರೀ ಒಣ ಹುಡಿಯೇ ಬಂದಿದೆ ಎಂದು ಕೆಲಸದವರು ಹೇಳಿದರು. ಮನೆಯ ಯಜಮಾನರಿಗೆ ಮಾತ್ರ ಆಸೆ ಬತ್ತಿರಲಿಲ್ಲ. "ಇನ್ನೊಂದು ನೂರು ಅಡಿ ಹೋದರೆ ಸಿಗಲಿಕ್ಕಿಲ್ಲವಾ ಮಾರಾಯ್ರೆ? ಕೆಳಗೆ ಪಾತಾಳಗಂಗೆ ಅಂತ ಒಂದು ಇದ್ದೇ ಇರ್ತದಲ್ಲ" ಎಂದರು.

ಅಂತರ್ಜಲದ ಕೆಲಸ ಮಾಡುವ ಭೂವಿಜ್ಞಾನಿಗೆ ಈ ಪ್ರಶ್ನೆ ಪ್ರತಿ ಬೇಸಗೆಯಲ್ಲೂ ಎದುರಾಗುತ್ತದೆ. ಇದಕ್ಕೆ "ಸಿಗುವುದಿಲ್ಲ" ಎಂದು ಒಂದೇ ಮಾತಿನಲ್ಲಿ ಉತ್ತರಿಸಿದರೆ ಯಾರೂ ಒಪ್ಪುವುದಿಲ್ಲ, ಏಕೆಂದರೆ ಪ್ರಶ್ನೆಯ ಹಿಂದೆ ಭೂಮಿಯ ಬಗೆಗೆ ಒಂದು ಗಟ್ಟಿಯಾದ ಕಲ್ಪನೆಯೇ ಇದೆ. ಭೂಮಿ ಎಂದರೆ ಎಳನೀರಿನ ಬೊಂಡದ ಹಾಗೆ ಹೊರಗೆ ಗಟ್ಟಿ, ಒಳಗೆ ನೀರು ಎಂದು ಹಿರಿಯರು ಭಾವಿಸುತ್ತಾರೆ. ಶಾಲೆಯಲ್ಲಿ ಓದಿದ ಅವರ ಮಕ್ಕಳು ಕಲ್ಲಿನ ಕೆಳಗೆ ಕುದಿಯುವ ಲಾವಾರಸ ತುಂಬಿದೆ ಎಂದು ತಿಳಿದಿರುತ್ತಾರೆ. ಎರಡೂ ಸರಿಯಲ್ಲ.

ಮೊದಲು ಅಳತೆಯನ್ನು ಸರಿಪಡಿಸಿಕೊಳ್ಳೋಣ. ಭೂಮಿಯ ಸರಾಸರಿ ತ್ರಿಜ್ಯ 6,371 ಕಿ.ಮೀ. ಇಡೀ ಭೂಮಿಯನ್ನು ಒಂದು ಮೀಟರ್ ವ್ಯಾಸದ ಗೋಳವಾಗಿ ಕುಗ್ಗಿಸಿದರೆ, 600 ಅಡಿಯ ಕೊಳವೆಬಾವಿಯ ಆಳ ತಲೆಗೂದಲಿನ ದಪ್ಪದ ಐದನೆಯ ಒಂದು ಪಾಲು ಮಾತ್ರ. ಸುಮಾರು 3.2 ಕಿ.ಮೀ. ಆಳಕ್ಕೆ ಇಳಿದಿದ್ದ ನಮ್ಮ ಕೋಲಾರದ ಚಿನ್ನದ ಗಣಿ ಆ ಗೋಳದ ಮೇಲೆ ಕಾಲು ಮಿಲಿಮೀಟರಿನ ಒಂದು ಗೀರು. ಭೂಖಂಡಗಳ ತೊಗಟೆ ಸುಮಾರು ಮೂರು ಮಿಲಿಮೀಟರ್ ದಪ್ಪ. ಗೋಳವೂ ಪೂರ್ತಿ ಗುಂಡಗಿರುವುದಿಲ್ಲ. ತನ್ನ ಸುತ್ತ ತಾನು ತಿರುಗುವ ಭರಕ್ಕೆ ಭೂಮಿ ಸಮಭಾಜಕದಲ್ಲಿ ಉಬ್ಬಿಕೊಂಡಿದೆ. ಅಲ್ಲಿನ ವ್ಯಾಸ 12,756 ಕಿ.ಮೀ. ಆದರೆ ಧ್ರುವದಿಂದ ಧ್ರುವಕ್ಕೆ 12,714 ಕಿ.ಮೀ., ಅಂದರೆ ನಮ್ಮ ಗೋಳದಲ್ಲಿ ಮೂರು ಮಿಲಿಮೀಟರಿಗಿಂತ ತುಸು ಹೆಚ್ಚಿನ ವ್ಯತ್ಯಾಸ. ಇನ್ನು ನೀರು. ಸಮುದ್ರ, ಹಿಮ, ನದಿ, ಅಂತರ್ಜಲ ಎಲ್ಲವನ್ನೂ ಒಟ್ಟುಗೂಡಿಸಿ ಉಂಡೆ ಮಾಡಿದರೆ ಅದು ಗೋಳದ ಪಕ್ಕದಲ್ಲಿ ಸುಲಿದ ಒಂದು ತೆಂಗಿನಕಾಯಿಯಷ್ಟು ಕಂಡೀತು. ಅದರಲ್ಲಿ ಉಪ್ಪನ್ನೂ ಹಿಮವನ್ನೂ ಕಳೆದು, ಹರಿಯುವ ಸ್ಥಿತಿಯಲ್ಲಿರುವ ಸಿಹಿನೀರನ್ನು ಮಾತ್ರ ಉಳಿಸಿಕೊಂಡರೆ ಒಂದು ಅಡಿಕೆಯ ಗಾತ್ರ. ಆ ಅಡಿಕೆಯಲ್ಲಿ ಬಹುಪಾಲು ಅಂತರ್ಜಲವೇ ಎಂಬುದು ನಿಜ. ಅದು ಇರುವುದು ತೊಗಟೆಯ ಮೇಲ್ಪದರದಲ್ಲಿ, ಪಾತಾಳದಲ್ಲಿ ಅಲ್ಲ.

ಒಳಗೆ ನೀರಿಲ್ಲ ಎಂದು ಅಷ್ಟು ಖಚಿತವಾಗಿ ಹೇಳುವುದು ಹೇಗೆ? ತೂಕ ಹೇಳುತ್ತದೆ. 1798ರಲ್ಲಿ ಹೆನ್ರಿ ಕ್ಯಾವೆಂಡಿಷ್ ತನ್ನ ಕೋಣೆಯಲ್ಲಿ ಸೀಸದ ಗುಂಡುಗಳ ನಡುವಿನ ಸೆಳೆತವನ್ನು ಅಳೆದು, ಭೂಮಿಯ ಸರಾಸರಿ ಸಾಂದ್ರತೆ ನೀರಿನ ಸುಮಾರು ಐದೂವರೆ ಪಟ್ಟು ಎಂದು ಲೆಕ್ಕ ಹಾಕಿದ. ಇಂದಿನ ಅಂಕಿ 5.51, ಅವನ ಲೆಕ್ಕಕ್ಕೆ ತೀರ ಹತ್ತಿರ. ಹಿರಿಯಡಕದ ಅಂಗಳದಲ್ಲಿ ಹುಡಿಯಾಗಿ ಬಿದ್ದಿದ್ದ ಕಲ್ಲಿನ ಸಾಂದ್ರತೆ ಸುಮಾರು 2.7. ಮೇಲಿನ ಕಲ್ಲು ಇಷ್ಟು ಹಗುರವಾಗಿದ್ದೂ ಸರಾಸರಿ ಅಷ್ಟು ಹೆಚ್ಚಿರಬೇಕಾದರೆ ಒಳಗಿರುವುದು ಕಲ್ಲಿಗಿಂತ ಬಹಳ ಭಾರದ್ದೇ ಆಗಿರಬೇಕು. ನೀರಿಗೆ ಅಲ್ಲಿ ಜಾಗವಿಲ್ಲ. ಆ ಭಾರದ ವಸ್ತು ಮುಖ್ಯವಾಗಿ ಕಬ್ಬಿಣ ಎಂಬುದು ಭೂಕಂಪದ ಅಲೆಗಳ ಅಧ್ಯಯನದಿಂದ ಸ್ಪಷ್ಟವಾಯಿತು. ಸುಮಾರು 2,900 ಕಿ.ಮೀ. ಆಳದಲ್ಲಿ ಕಬ್ಬಿಣದ ತಿರುಳು ಶುರುವಾಗುತ್ತದೆ. ಅದರ ಹೊರಭಾಗ ಕರಗಿದ ದ್ರವ, ಅದರ ಹರಿವಿನಿಂದಲೇ ಭೂಮಿಗೆ ಕಾಂತಶಕ್ತಿ. ನಡುವಿನಲ್ಲಿ ಒಂದು ಗಟ್ಟಿ ಗುಂಡು ಇದೆ ಎಂಬುದನ್ನು ಡೆನ್ಮಾರ್ಕಿನ ಇಂಗೆ ಲೇಮನ್ 1936ರಲ್ಲಿ ತೋರಿಸಿಕೊಟ್ಟರು. ತಿರುಳಿಗೂ ತೊಗಟೆಗೂ ನಡುವೆ ಇರುವ ಮ್ಯಾಂಟಲ್ ಎಂಬ ದಪ್ಪ ಭಾಗ ಲಾವಾರಸದ ಕಡಾಯಿಯಲ್ಲ, ಘನ ಶಿಲೆ. ದ್ರವದಲ್ಲಿ ಸಾಗಲಾರದ ಭೂಕಂಪದ ಅಲೆಗಳು ಅದರ ಮೂಲಕ ಸರಾಗವಾಗಿ ಸಾಗುತ್ತವೆ. ಆದರೂ ಕಾವಿಗೆ ಮೆತ್ತಗಾದ ಆ ಶಿಲೆ ವರ್ಷಕ್ಕೆ ಕೆಲವು ಸೆಂಟಿಮೀಟರಿನ ವೇಗದಲ್ಲಿ ನಿಧಾನವಾಗಿ ಹರಿಯುತ್ತದೆ. ಈ ಹರಿವಿನ ಮಾತಿಗೆ ಮತ್ತೆ ಬರುತ್ತೇನೆ.

ಅಷ್ಟು ಆಳದ ವಿಷಯ ನಮಗೇಕೆ ಎಂದು ಯಜಮಾನರೂ ಕೇಳಿದ್ದರು. ಉತ್ತರ ಇರುವುದು ಕಲ್ಲಿನ ಭಾರದಲ್ಲಿ. 580 ಅಡಿಯ ಕಲ್ಲು ತನ್ನ ಕೆಳಗಿನ ಪ್ರತಿ ಚದರ ಸೆಂಟಿಮೀಟರಿನ ಮೇಲೆ, ಅಂದರೆ ಕಿರುಬೆರಳಿನ ಉಗುರಿನಷ್ಟು ಜಾಗದ ಮೇಲೆ, ಸುಮಾರು 48 ಕಿಲೋ ಭಾರ ಹೇರಿರುತ್ತದೆ. ಇನ್ನು ನೂರು ಮೀಟರ್ ಇಳಿದರೆ ಅದಕ್ಕೆ ಮತ್ತೆ 27 ಕಿಲೋ ಸೇರುತ್ತದೆ. ನಮ್ಮ ಕರಾವಳಿಯ ಗಟ್ಟಿಕಲ್ಲಿಗೆ ಮರಳಿನ ಹಾಗೆ ನೀರು ಹಿಡಿಯುವ ರಂಧ್ರಗಳಿಲ್ಲ. ಅದರಲ್ಲಿ ನೀರು ನಿಲ್ಲುವುದು ಬಿರುಕುಗಳಲ್ಲಿ ಮಾತ್ರ, ಆಳಕ್ಕೆ ಹೋದಂತೆ ಆ ಬಿರುಕುಗಳು ಈ ಭಾರಕ್ಕೆ ಒತ್ತಿಕೊಂಡು ಮುಚ್ಚುತ್ತ ಹೋಗುತ್ತವೆ. ನನ್ನ ಅನುಭವದಲ್ಲಿ ಒಳ್ಳೆಯ ಒರತೆಗಳಲ್ಲಿ ಹೆಚ್ಚಿನವು ಮೊದಲ 300 ಅಡಿಯೊಳಗೇ ಸಿಕ್ಕಿವೆ. ಅದರ ಕೆಳಗೆ ಸಿಕ್ಕಿದವನ್ನು ಅದೃಷ್ಟವೆಂದೇ ಎಣಿಸುತ್ತೇನೆ. ಕೋಲಾರದ ಆಳದ ಸುರಂಗಗಳಲ್ಲಿ ಇದೇ ಒತ್ತಡಕ್ಕೆ ಬಂಡೆಯ ಗೋಡೆಗಳು ಇದ್ದಕ್ಕಿದ್ದಂತೆ ಸಿಡಿದು ಕಾರ್ಮಿಕರ ಪ್ರಾಣ ಹೋದ ಉದಾಹರಣೆಗಳಿವೆ.

ಒತ್ತಡದ ಜೊತೆಗೆ ಕಾವೂ ಏರುತ್ತದೆ. ನಮ್ಮ ತೆರೆದ ಬಾವಿಯ ನೀರು ಡಿಸೆಂಬರಿನ ಬೆಳಗ್ಗೆ ಬೆಚ್ಚಗೂ ಎಪ್ರಿಲ್ ಮಧ್ಯಾಹ್ನ ತಣ್ಣಗೂ ತೋರುತ್ತದೆ. ಬಾವಿ ಬದಲಾಗಿರುವುದಿಲ್ಲ, ಮೈಗೆ ತಾಗುವ ಗಾಳಿ ಬದಲಾಗಿರುತ್ತದೆ. ಸುಮಾರು ಹತ್ತು ಮೀಟರಿನ ಕೆಳಗೆ ಮಳೆ, ಬಿಸಿಲು, ಚಳಿಯ ಏರಿಳಿತ ಮುಟ್ಟುವುದೇ ಇಲ್ಲ. ಅಲ್ಲಿಂದ ಮುಂದೆ ಪ್ರತಿ ಕಿಲೋಮೀಟರಿಗೆ ಸಾಮಾನ್ಯವಾಗಿ 25ರಿಂದ 30 ಡಿಗ್ರಿ ಸೆಲ್ಸಿಯಸ್ ಏರಿಕೆ. ನಮ್ಮ ದಕ್ಷಿಣದ ಹಳೆಯ, ತಣಿದ ನೆಲದಲ್ಲಿ ಇದು ಇನ್ನೂ ಕಡಿಮೆ. ಹಾಗಿದ್ದೂ ಕೋಲಾರದ ತಳದಲ್ಲಿ ಬಂಡೆಯ ಉಷ್ಣತೆ 60 ಡಿಗ್ರಿ ದಾಟುತ್ತಿತ್ತು. ರಷ್ಯಾದ ಕೋಲಾ ಪರ್ಯಾಯ ದ್ವೀಪದಲ್ಲಿ 1970ರಲ್ಲಿ ಸಂಶೋಧನೆಗಾಗಿ ಕೊರೆಯತೊಡಗಿದ ಬಾವಿ 1989ರಲ್ಲಿ 12,262 ಮೀಟರ್ ತಲುಪಿ ಮುಂದೆ ಹೋಗದಾಯಿತು. ನೂರು ಡಿಗ್ರಿ ಇದ್ದೀತೆಂದು ಎಣಿಸಿದ್ದ ಜಾಗದಲ್ಲಿ 180 ಡಿಗ್ರಿ ಕಾವಿತ್ತು. ಭೂಮಿಯನ್ನು ಕೊರೆಯುವುದರಲ್ಲಿ ಮನುಷ್ಯ ಮಾಡಿದ ಅತಿ ದೊಡ್ಡ ಪ್ರಯತ್ನ ನಮ್ಮ ಗೋಳದಲ್ಲಿ ಒಂದು ಮಿಲಿಮೀಟರ್ ಕೂಡ ಇಳಿಯಲಿಲ್ಲ.

ಈ ಮಾತು ಹೇಳಿದಾಗಲೆಲ್ಲ ಯಾರಾದರೊಬ್ಬರು ಪುತ್ತೂರು ತಾಲೂಕಿನ ಇರ್ದೆಯ ಬಿಸಿನೀರಿನ ಬುಗ್ಗೆ ಬೆಂದ್ರ್ ತೀರ್ಥವನ್ನು ನೆನಪಿಸುತ್ತಾರೆ. ಆಕ್ಷೇಪ ನ್ಯಾಯವಾದದ್ದೇ. ಸುತ್ತಮುತ್ತ ಜ್ವಾಲಾಮುಖಿಯ ಸುಳಿವಿಲ್ಲದ ಊರಿನಲ್ಲಿ ಬೆಚ್ಚಗಿನ ನೀರು ಚಿಮ್ಮಬೇಕಾದರೆ ಅದು ಆಳಕ್ಕೆ ಇಳಿದು ಬಂದಿರಲೇಬೇಕು. ಆದರೆ ಅಲ್ಲಿ ನಡೆಯುವುದು ಇಷ್ಟು: ಮಳೆಯ ನೀರು ಅಪರೂಪಕ್ಕೆ ತೆರೆದೇ ಉಳಿದ ಒಂದು ಬಿರುಕಿನಲ್ಲಿ ಇಳಿದು, ಬಂಡೆಯ ಕಾವು ಹೊತ್ತು, ಇನ್ನೊಂದು ದಾರಿಯಿಂದ ಮೇಲೆ ಬರುತ್ತದೆ. ಅದು ಹೋಗಿ ಬರುವ ನೀರು, ಕೆಳಗೆ ಕೂಡಿಟ್ಟ ಭಂಡಾರವಲ್ಲ. ಅಂಥ ಬಿರುಕು ಜಿಲ್ಲೆಗೊಂದು ಸಿಕ್ಕರೆ ಹೆಚ್ಚು.

ಹಾಗಾದರೆ ಬಿರುಕುಗಳು ಬಂದದ್ದೆಲ್ಲಿಂದ? ಮ್ಯಾಂಟಲಿನ ಹರಿವಿನ ಮಾತು ಬಿಟ್ಟಿದ್ದೆನಲ್ಲ, ಅಲ್ಲಿಂದ. ಆ ಹರಿವಿನೊಂದಿಗೆ ತೊಗಟೆಯ ದೊಡ್ಡ ಹಲಗೆಗಳು ಚಲಿಸುತ್ತವೆ. ಭಾರತವನ್ನು ಹೊತ್ತ ಹಲಗೆ ಇಂದಿಗೂ ವರ್ಷಕ್ಕೆ ಸುಮಾರು ಐದು ಸೆಂಟಿಮೀಟರಿನಷ್ಟು ಈಶಾನ್ಯದತ್ತ ಸರಿಯುತ್ತ ಏಷ್ಯಾವನ್ನು ಒತ್ತುತ್ತಿದೆ. ಒಂದು ಕಾಲದಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಮಡಗಾಸ್ಕರ್ ಅಂಟಿಕೊಂಡಿತ್ತು. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಅದು ಕಳಚಿಕೊಂಡು ಹೋಗುವ ಹೊತ್ತಿನಲ್ಲಿ ಉಕ್ಕಿದ ಲಾವಾ ತಣ್ಣಗಾಗಿ, ಕುಗ್ಗಿ, ಸೀಳಿ ನಿಂತ ಕಂಬಗಳೇ ಮಲ್ಪೆಯೆದುರಿನ ಸೈಂಟ್ ಮೇರೀಸ್ ದ್ವೀಪದ ಆ ಆರುಮೂಲೆಯ ಕಲ್ಲುಗಳು. ದೋಣಿಯಿಂದಿಳಿದವರು ಅವುಗಳ ಮೇಲೆ ಕೂತು ಫೋಟೋ ತೆಗೆಸಿಕೊಳ್ಳುತ್ತಾರೆ. ನಾನು ಆ ಕಂಬಗಳ ಸಂದುಗಳನ್ನು ನೋಡುತ್ತೇನೆ, ಕಸುಬಿನ ಚಾಳಿ. ದಡದ ಈಚೆಗಿರುವ, ನೈಸ್ ಎಂಬ ಪಟ್ಟೆಪಟ್ಟೆಯ ಗಟ್ಟಿ ಶಿಲೆಯ ಕಥೆ ಬೇರೆ. ಅದರ ಬಂಧು ಬೆಂಗಳೂರಿನ ಲಾಲ್‌ಬಾಗ್ ಬಂಡೆ, ವಯಸ್ಸು ಸುಮಾರು 300 ಕೋಟಿ ವರ್ಷ. 454 ಕೋಟಿ ವರ್ಷದ ಭೂಮಿಯ ಆಯುಷ್ಯದಲ್ಲಿ ಮೂರನೆಯ ಎರಡು ಭಾಗವನ್ನು ಕಂಡ ಕಲ್ಲು ಅದು. ಅಷ್ಟು ಕಾಲದ ಎಳೆತ, ಒತ್ತಡಗಳಲ್ಲಿ ಬಿದ್ದ ಸೀಳುಗಳನ್ನೇ ನಾವು ನೀರಿಗಾಗಿ ಹುಡುಕುತ್ತಿರುತ್ತೇವೆ. ಕೊರೆಯುವ ಜಾಗ ಒಂದು ಸೀಳಿನಿಂದ ಹತ್ತು ಅಡಿ ತಪ್ಪಿದರೆ ಸಾವಿರ ಅಡಿ ಹೋದರೂ ಹುಡಿಯೇ ಬರುತ್ತದೆ.

ನಿಜವಾದ ಸಂಪತ್ತು ಇರುವುದು ಕಲ್ಲಿನ ಮೇಲಿನ ಹೊದಿಕೆಯಲ್ಲಿ. ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ, ಅದರ ಹಿಂದೆಯೇ ಸುಡುವ ಬೇಸಗೆ. ಇದು ಲಕ್ಷಾಂತರ ವರ್ಷ ನಡೆದಾಗ ಕಲ್ಲಿನಲ್ಲಿದ್ದ ಕರಗುವ ಅಂಶಗಳೆಲ್ಲ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯುಮಿನಿಯಮ್ಮಿನ ತುಕ್ಕು ಮಾತ್ರ ಉಳಿಯುತ್ತದೆ. ಅದೇ ನಮ್ಮ ಮುರಕಲ್ಲು. ನೆಲದಲ್ಲಿರುವಾಗ ಕೊಡಲಿಗೆ ಕಡಿಯಬಹುದಾದಷ್ಟು ಮೆದುವಾಗಿದ್ದು ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುವ ಅದರ ಗುಣವನ್ನು ಗಮನಿಸಿದ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ಇಟ್ಟಿಗೆ ಎಂಬ ಅರ್ಥದ ಪದದಿಂದ ಬಂದ ಹೆಸರು ಅದು. ಮುರಕಲ್ಲು ಜಾಲರಿಯಂತಿರುವುದರಿಂದ ಪದವಿನ, ಅಂದರೆ ಗುಡ್ಡೆಯ ತಲೆಯ ಬಯಲಿನ, ಮೇಲೆ ಬಿದ್ದ ಮಳೆ ಕೆಳಗಿಳಿಯುತ್ತದೆ. ಅದರಡಿಗೆ ಬಿಳಿ, ಹಳದಿ, ನಸುಗೆಂಪು ಬಣ್ಣದ ಶೇಡಿಮಣ್ಣು. ಇದು ನೀರನ್ನು ಸುಲಭವಾಗಿ ಕೆಳಗೆ ಬಿಡುವುದಿಲ್ಲ. ಹಾಗಾಗಿ ನೀರು ಶೇಡಿಯ ತಲೆಯ ಮೇಲೆ ಹರಿದು, ಗುಡ್ಡೆಯ ಬದಿಯಲ್ಲಿ ಒರತೆಯಾಗಿ ಬೈಲಿಗೆ ಇಳಿಯುತ್ತದೆ. ಹಿಂದಿನವರು ಸುರಂಗ ತೋಡಿದ್ದು, ಗುಡ್ಡೆಯ ಮೇಲೆ ಮದಕ ಎಂಬ ಮಳೆನೀರಿನ ಕೆರೆ ಉಳಿಸಿಕೊಂಡದ್ದು, ತೋಡಿಗೆ ಕಟ್ಟ ಎಂಬ ಅಡ್ಡಗಟ್ಟೆ ಕಟ್ಟಿದ್ದು ಎಲ್ಲವೂ ಮುರಕಲ್ಲೂ ಶೇಡಿಯೂ ಕೂಡುವ ಈ ಒಂದು ಗೆರೆಯನ್ನು ನೆಚ್ಚಿ. ಅದೇ ಶೇಡಿ ನೀರು ಕುಡಿದರೆ ಬೆಣ್ಣೆಯಂತಾಗುತ್ತದೆ. ಗುಡ್ಡೆಯನ್ನು ನೆಟ್ಟಗೆ ಕಡಿದು, ಮುರಕಲ್ಲಿನ ಕೆಳಗಿನ ಶೇಡಿಯನ್ನು ಮಳೆಗೆ ತೆರೆದಿಟ್ಟು, ಬುಡದಲ್ಲಿ ಮನೆ ಕಟ್ಟುವವರಿಗೆ ನಾನು ಜೂನ್ ಬರುವ ಮೊದಲೇ ಎಚ್ಚರಿಕೆ ಹೇಳುವುದು ಇದಕ್ಕೇ.

ಸಮುದ್ರದ ಬದಿಯ ಮರಳು ನೆಲದಲ್ಲಂತೂ ಆಳಕ್ಕೆ ಹೋಗುವುದು ನೇರ ಹಾನಿ. ಅಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಉಪ್ಪುನೀರಿನ ಸಾಂದ್ರತೆ ನೂರಕ್ಕೆ ಎರಡೂವರೆಯಷ್ಟು ಮಾತ್ರ ಹೆಚ್ಚು. ಈ ಸಣ್ಣ ಅಂತರದಿಂದ ಸಮುದ್ರಮಟ್ಟದಿಂದ ಒಂದು ಅಡಿ ಮೇಲಿರುವ ಸಿಹಿನೀರು ಕೆಳಗೆ ಸುಮಾರು 40 ಅಡಿ ಉಪ್ಪನ್ನು ತಡೆದಿಡುತ್ತದೆ. ಪಂಪು ಹಾಕಿ ಆ ಒಂದು ಅಡಿಯನ್ನು ಇಳಿಸಿದರೆ ಕಾಲಕ್ರಮದಲ್ಲಿ ಉಪ್ಪು 40 ಅಡಿ ಏರುತ್ತದೆ. ಪಡುಬಿದ್ರಿಯಿಂದ ಮಲ್ಪೆಯವರೆಗೆ ಮರಳಿನ ಮೇಲಿರುವ ಮನೆಗಳಿಗೆ ಆಳವಿಲ್ಲದ, ಅಗಲದ ರಿಂಗ್ ಬಾವಿಯೇ ತಕ್ಕದ್ದು. ಇಲ್ಲಿ ಅಡಿ ಅಡಿಯೂ ಲೆಕ್ಕಕ್ಕೆ ಬರುವುದರಿಂದ ಮಟ್ಟವನ್ನು ಉಪಗ್ರಹದ ಉಪಕರಣದಿಂದ ಅಳೆಯುವವರಿಗೆ ಒಂದು ಮಾತು: ಮಲ್ಪೆಯ ಮರಳಿನ ಮೇಲೆ ನಿಂತು ತಿದ್ದುಪಡಿಯಿಲ್ಲದ ಎತ್ತರ ನೋಡಿದರೆ ಉಪಕರಣ ಸೊನ್ನೆಗಿಂತ ಹಲವು ಹತ್ತು ಮೀಟರ್ ಕೆಳಗಿನ ಅಂಕಿ ತೋರಿಸುತ್ತದೆ. ಉಪಕರಣ ಕೆಟ್ಟಿರುವುದಿಲ್ಲ. ಶ್ರೀಲಂಕಾದ ದಕ್ಷಿಣಕ್ಕೆ ಭೂಮಿಯ ಗುರುತ್ವ ತುಸು ಕಡಿಮೆಯಿದ್ದು, ಅಲ್ಲಿ ಸಮುದ್ರದ ಮೈ ಲೆಕ್ಕದ ಗೋಳಾಕಾರಕ್ಕಿಂತ ನೂರು ಮೀಟರಿಗೂ ಹೆಚ್ಚು ತಗ್ಗಿದೆ. ನಮ್ಮ ಕಡಲೂ ಆ ತಗ್ಗಿನ ಇಳಿಜಾರಿನಲ್ಲೇ ಇದೆ.

ಹಿರಿಯಡಕದಲ್ಲಿ ಕೊರೆಯುವುದನ್ನು 600 ಅಡಿಗೆ ನಿಲ್ಲಿಸಿ, ಮಕ್ಕಳು ಇಣುಕದಂತೆ ಕೇಸಿಂಗ್ ಪೈಪಿಗೆ ಮುಚ್ಚಳ ಬೆಸೆಯಿಸಿದೆವು. ತೋಟದ ತಗ್ಗಿನ ಮೂಲೆಯಲ್ಲಿ ಅವರ ಅಜ್ಜ ತೋಡಿಸಿದ್ದ ಹನ್ನೆರಡು ಕೋಲು (ಒಂದು ಕೋಲು ಎಂದರೆ ಸುಮಾರು ಎರಡೂವರೆ ಅಡಿ) ಆಳದ ಬಾವಿ ಕಲ್ಲುಚಪ್ಪಡಿಯ ಅಡಿಯಲ್ಲಿ ಮುಚ್ಚಿಹೋಗಿತ್ತು. ಕೆಸರು ತೆಗೆದಾಗ ಮುರಕಲ್ಲೂ ಶೇಡಿಯೂ ಕೂಡುವ ಗೆರೆ ಪೂರ್ವದ ಗೋಡೆಯಲ್ಲಿ ಸ್ಪಷ್ಟವಾಗಿ ಕಂಡಿತು, ನಾಲ್ಕನೆಯ ದಿನ ಅಲ್ಲಿಂದ ನೀರು ಜಿನುಗತೊಡಗಿತು. ಮಾಡಿನ ಮಳೆನೀರನ್ನು ಜಲ್ಲಿ, ಮರಳು, ಇದ್ದಿಲಿನ ತೊಟ್ಟಿಯಲ್ಲಿ ಸೋಸಿ ಅದೇ ಬಾವಿಗೆ ಬಿಡುವ ಏರ್ಪಾಡು ಮಾಡಿ, ಕೋಲಿಗೊಂದು ಗಂಟು ಹಾಕಿದ ಹಗ್ಗವನ್ನು ರಾಟೆಗೆ ಕಟ್ಟಿ, ವಾರಕ್ಕೊಮ್ಮೆ ಮಟ್ಟ ಬರೆದಿಡಲು ಹೇಳಿ ಬಂದೆ. ಜೂನ್ ಮೂರನೆಯ ವಾರ ಯಜಮಾನರೇ ಫೋನ್ ಮಾಡಿ, ನೀರು ಮೇಲಿನಿಂದ ಏಳನೆಯ ಗಂಟಿನವರೆಗೆ ಬಂದಿದೆ ಎಂದರು.